ಸೀರೆಗೂ ಇರಲಿ ಒಂದು ನಂಬರು

ಆಷಾಢ ಕಳೆದು ಶ್ರಾವಣ ಕಾಲಿಟ್ಟಿತೆಂದರೆ ನಮ್ಮ ಬಡಾವಣೆಗಳಲ್ಲಿ ಸೀರೆ ಸಂಭ್ರಮ ಶುರು. ನಾಲ್ಕೈದು ಮಂದಿ ಗೆಳತಿಯರು ಸೇರಿ ಒಂದು ಗಾಡಿ ಮಾಡಿಕೊಂಡು, ಕನಕಪುರ, ಮಳವಳ್ಳಿ ದಾಟಿ ಕೊಳ್ಳೇಗಾಲಕ್ಕೆ ಹೋಗುವುದು, ಅಲ್ಲಿ ಹತ್ತಿಪ್ಪತ್ತು ರೇಷ್ಮೆ ಸೀರೆ ಆರಿಸಿ ತರುವುದು, ಮನೆಯ ಮಂಚದ ಮೇಲೆ ಹರಡಿ ಅಕ್ಕಪಕ್ಕದವರಿಗೆ ಮಾರುವುದು. ಅಂಗಡಿ ಬಾಡಿಗೆ ಇಲ್ಲ, ಕೆಲಸದವರ ಸಂಬಳ ಇಲ್ಲ, ಮಧ್ಯಾಹ್ನ ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ವ್ಯಾಪಾರ ಮುಗಿದಿರುತ್ತದೆ. ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ನಿಮ್ಮಲ್ಲೂ ಎಷ್ಟೋ ಮಂದಿ ಇದನ್ನು ಮಾಡುತ್ತಿರಬಹುದು, ಇಲ್ಲವೇ ಮಾಡಬೇಕು ಅಂದುಕೊಂಡಿರಬಹುದು.

ಬಂಡವಾಳದ ಬಗ್ಗೆ, ಬಣ್ಣದ ಬಗ್ಗೆ, ಅಂಚಿನ ಬಗ್ಗೆ ತಾಸುಗಟ್ಟಲೆ ಯೋಚಿಸುವ ನಾವು ಒಂದು ಸಣ್ಣ ವಿಷಯವನ್ನು ಮಾತ್ರ ಮರೆತುಬಿಡುತ್ತೇವೆ. ತಂದ ಪ್ರತಿ ಸೀರೆಗೂ ಒಂದೊಂದು ನಂಬರು ಕೊಡುವುದು! ‘ಅಯ್ಯೋ, ಇಪ್ಪತ್ತು ಸೀರೆಗೆ ನಂಬರು ಬೇರೆ ಬೇಕಾ? ಎಲ್ಲಾ ನನಗೆ ನೆನಪಿರುತ್ತೆ ಬಿಡ್ರೀ’ ಅಂತ ಮೂಗು ಮುರಿಯಬೇಡಿ. ಈ ಮನೆ ವ್ಯಾಪಾರದಲ್ಲಿ ಹಣ ಕೈಬಿಡುವುದೂ, ಸ್ನೇಹ ಮುರಿಯುವುದೂ ಬಹಳ ಸಲ ಈ ‘ನೆನಪಿರುತ್ತೆ’ಯಿಂದಲೇ.

ಹೇಗೆ ಅಂತೀರಾ? ಗೆಳತಿಯೊಬ್ಬರು ‘ಮನೆಯವರಿಗೆ ತೋರಿಸಿ ಕಳಿಸ್ತೀನಿ’ ಅಂತ ಹತ್ತು ಸೀರೆ ತೆಗೆದುಕೊಂಡು ಹೋಗುತ್ತಾರೆ. ಅವರ ಮನೆಯಲ್ಲಿ ಅತ್ತಿಗೆ ಬಂದಿರುತ್ತಾರೆ, ಓರಗಿತ್ತಿ ಬಂದಿರುತ್ತಾರೆ, ಅವರು ತಂದ ಸೀರೆಗಳೂ ಅದೇ ಮಂಚದ ಮೇಲೆ. ಮಾರನೇ ದಿನ ಹತ್ತು ಸೀರೆ ವಾಪಸ್ ಬರುತ್ತವೆ. ಎಣಿಸಿದರೆ ಲೆಕ್ಕ ಸರಿ. ಆದರೆ ಆ ನವಿಲುನೀಲಿ ಸೀರೆ ಎತ್ತಿದಾಗ ನಿಮ್ಮ ಕೈಗೆ ಯಾಕೋ ಹಗುರ ಅನ್ನಿಸುತ್ತದೆ. ಅಂಚು ಅದೇ, ಬಣ್ಣ ಅದೇ, ಸೆರಗಿನ ಹೂವೂ ಅದೇ. ಇದು ನಾನು ಕೊಟ್ಟದ್ದೇ ಹೌದಾ? ಕೇಳಿದರೆ ‘ನಮ್ಮನ್ನೇ ಕಳ್ಳರು ಅಂತೀರಾ’ ಅನ್ನುತ್ತಾರೆ. ಕೇಳದಿದ್ದರೆ ಆರೇಳು ಸಾವಿರ ನಿಮ್ಮ ಹೊಟ್ಟೆ ಉರಿಸುತ್ತದೆ. ಅವರು ಬೇಕೆಂದೇ ಮಾಡಿರಲಿಕ್ಕಿಲ್ಲ, ಮಡಿಸುವಾಗ ಅದಲುಬದಲಾಗಿರಬಹುದು. ಸಾಕ್ಷಿ ಮಾತ್ರ ನಿಮ್ಮ ಹತ್ತಿರವೂ ಇಲ್ಲ, ಅವರ ಹತ್ತಿರವೂ ಇಲ್ಲ.

ಒಂದೇ ಥರದ ಎರಡು ವಸ್ತು ಇದ್ದಾಗ, ಇದು ಇದೇ, ಅದು ಅದೇ ಅಂತ ಗುರುತು ಹಿಡಿಯುವುದಕ್ಕೇ ನಂಬರು ಇರುವುದು.

ಜಾತಿಗೊಂದು ನಂಬರು, ತಲೆಗೊಂದು ನಂಬರು

ನಿಮ್ಮ ಅಡುಗೆಮನೆಗೇ ಬನ್ನಿ. ಸೋಪಿನ ಪೊಟ್ಟಣದ ಹಿಂದೆ ಕಪ್ಪು ಗೆರೆಗಳ ಕೆಳಗೆ 13 ಅಂಕಿಗಳಿವೆಯಲ್ಲ, ಬಾರ್‌ಕೋಡು, ಅದು ಆ ಸೋಪಿನ ಜಾತಿಯ ನಂಬರು. ಅದೇ ಕಂಪನಿಯ ಅದೇ ಅಳತೆಯ ಅದೇ ಸೋಪು ಊರಲ್ಲಿ ಲಕ್ಷ ಇದ್ದರೂ ಎಲ್ಲಕ್ಕೂ ಒಂದೇ ನಂಬರು. (890 ಅಂತ ಶುರುವಾದರೆ ನಮ್ಮ ದೇಶದಲ್ಲೇ ತಯಾರಾದದ್ದು ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಆ ಕಂಪನಿ ಭಾರತದ ಬಾರ್‌ಕೋಡ್ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡಿದೆ ಅಂತ ಅರ್ಥ, ಅಷ್ಟೆ.) 1974ರ ಜೂನ್ 26ರಂದು ಅಮೆರಿಕದ ಓಹಿಯೋ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಒಂದು ಚೂಯಿಂಗ್ ಗಮ್ ಪೊಟ್ಟಣದಿಂದ ಶುರುವಾದ ಈ ಗೆರೆಗಳ ಆಟ ಇವತ್ತು ನಮ್ಮ ಬೀದಿ ಕೊನೆಯ ಅಂಗಡಿಯನ್ನೂ ಮುಟ್ಟಿದೆ.

ಯಳಂದೂರು ಕಡೆ ಹೋದವರು ಬಿಳಿಗಿರಿರಂಗನ ಬೆಟ್ಟ ಹತ್ತಿ ಒಂದು ಬಾಟಲಿ ಜೇನುತುಪ್ಪ ತರುವುದುಂಟು. ಪ್ಯಾಕ್ ಮಾಡಿದ ಜೇನಿನ ಬಾಟಲಿಯ ಮೇಲೆ ಬ್ಯಾಚ್ ನಂಬರು ಇರುತ್ತದೆ. ಅದು ಒಂದು ಸಲಕ್ಕೆ ತುಂಬಿದ ಅಷ್ಟೂ ಬಾಟಲಿಗಳ ನಂಬರು. ಮಾತ್ರೆಯ ಹಾಳೆಯ ಮೇಲೆ ಇರುವುದೂ ಇದೇ. ಒಂದು ಬ್ಯಾಚು ಕೆಟ್ಟಿದೆ ಅಂತ ಗೊತ್ತಾದರೆ ಅಷ್ಟನ್ನೇ ಹುಡುಕಿ ವಾಪಸ್ ತರಿಸಬಹುದು.

ಮೂರನೆಯದು ತಲೆಗೊಂದು ನಂಬರು. ಒಂದೊಂದು ವಸ್ತುವಿಗೂ ಬೇರೆ ಬೇರೆ. ನಿಮ್ಮ ಮೊಬೈಲಿನ ಒಳಗೆ ಇರುವ 15 ಅಂಕಿಯ ನಂಬರು ಹೀಗೆಯೇ. ಈಗ ಚಿನ್ನಕ್ಕೂ ಬಂದಿದೆ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ, ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ ಇರಲೇಬೇಕು. ‘ಬಿಐಎಸ್ ಕೇರ್’ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆ ಬಳೆಯೋ ಸರವೋ, ಎಷ್ಟು ಕ್ಯಾರೆಟ್ಟು, ಹಾಲ್‌ಮಾರ್ಕ್ ಮಾಡಿಸಿದ ಅಂಗಡಿ ಯಾವುದು ಎಲ್ಲಾ ಕಾಣುತ್ತದೆ. ಸರ ಕೊಂಡಿದ್ದೀರಿ, ಆ್ಯಪ್‌ನಲ್ಲಿ ಉಂಗುರ ಅಂತ ಬಂತು ಅಂದರೆ ದುಡ್ಡು ಎಣಿಸಬೇಡಿ, ಎದ್ದು ಬನ್ನಿ.

ಈ ಮೂರರ ವ್ಯತ್ಯಾಸ ತಿಳಿದರೆ ಸಾಕು, ಅರ್ಧ ಕೆಲಸ ಆದ ಹಾಗೆ. ಮನೆ ವ್ಯಾಪಾರ ಮಾಡುವವರು ಸಾಮಾನ್ಯವಾಗಿ ಜಾತಿಗೊಂದು ನಂಬರು ಕೊಟ್ಟು ನಿಲ್ಲಿಸುತ್ತಾರೆ. ‘ನೀಲಿ ದೊಡ್ಡಂಚು 4, ಹಸಿರು ಚಿಕ್ಕಂಚು 3’ ಹೀಗೆ. ನೈಟಿ, ಲೆಗ್ಗಿಂಗ್ಸ್ ಮಾರುವವರಿಗೆ ಇದು ಧಾರಾಳ ಸಾಕು. ರೇಷ್ಮೆ ಸೀರೆಗೆ ಸಾಲದು. ಯಾಕೆಂದರೆ ಮಗ್ಗದಿಂದ ಇಳಿದ ಎರಡು ಸೀರೆ ನೋಡಲು ಅವಳಿಗಳಂತಿದ್ದರೂ ತೂಕ ಬೇರೆ, ಜರಿ ಬೇರೆ, ನೀವು ಕೊಟ್ಟ ಬೆಲೆಯೂ ಬೇರೆ ಆಗಿರಬಹುದು.

ಗೂಡಿನಿಂದಲೇ ನಂಬರು

ಕೊಳ್ಳೇಗಾಲದ ಕಡೆ ಈ ನಂಬರಿನ ಸಂಗತಿ ಹೊಸದೇನಲ್ಲ. 1956ರವರೆಗೆ ಮದ್ರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿದ್ದು, ಆಮೇಲೆ ಮೈಸೂರು ಜಿಲ್ಲೆಗೆ ಸೇರಿ, 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿರುವ ಈ ತಾಲ್ಲೂಕು ಹಿಪ್ಪುನೇರಳೆಗೂ ಮಗ್ಗಕ್ಕೂ ಹೆಸರಾದದ್ದು. ಮೊದಲು ಕೊಳ್ಳೇಗಾಲಕ್ಕೇ ಸೇರಿದ್ದು ಈಗ ಬೇರೆ ತಾಲ್ಲೂಕಾಗಿರುವ ಹನೂರಿನ ಹಳ್ಳಿಗಳಲ್ಲೂ, ಪಕ್ಕದ ಯಳಂದೂರಿನ ಕಡೆಯೂ ಹುಳು ಸಾಕುವ ಮನೆಗಳಿವೆ. ಅಲ್ಲಿಯ ಹೆಂಗಸರ ಕಷ್ಟ ನೋಡಬೇಕು. ಹುಳು ದೊಡ್ಡ ಜ್ವರದಿಂದ ಎದ್ದ ಮೇಲೆ ರಾತ್ರಿ ಹಗಲು ಸೊಪ್ಪು ಹಾಕಬೇಕು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡಬೇಕು. ಮನೆಯಲ್ಲಿ ಹುಳು ಇದೆ ಅಂದರೆ ಆ ಮನೆಯ ಹೆಂಗಸಿಗೆ ಹಬ್ಬವೂ ಇಲ್ಲ, ತವರೂ ಇಲ್ಲ.

ಅಷ್ಟು ಕಷ್ಟಪಟ್ಟ ಗೂಡು ಮಾರುಕಟ್ಟೆಗೆ ಹೋದಾಗ ಒಬ್ಬ ರೈತನ ಗೂಡು ಇನ್ನೊಬ್ಬನದರ ಜೊತೆ ಬೆರೆಯಬಾರದು. ಬೆಳ್ಳಗಿನ ದ್ವಿತಳಿ ಗೂಡಿಗೆ ಒಂದು ರೇಟು, ಹಳದಿ ಮಿಶ್ರತಳಿಗೆ ಒಂದು. ಅದರಲ್ಲೂ ಒಂದು ಮನೆಯದು ಗಟ್ಟಿ, ಇನ್ನೊಂದು ಮನೆಯದು ಜೊಳ್ಳು. ಅದಕ್ಕೇ ಗೂಡಿನ ಮಾರುಕಟ್ಟೆಯಲ್ಲಿ ಒಬ್ಬೊಬ್ಬರ ಗೂಡಿಗೂ ಒಂದು ಲಾಟ್ ನಂಬರು. ಹರಾಜು ನಡೆಯುವುದು ಆ ನಂಬರಿನ ಮೇಲೆ, ದುಡ್ಡು ಬರುವುದೂ ಆ ನಂಬರಿನ ಲೆಕ್ಕಕ್ಕೆ. ನಂಬರು ತಪ್ಪಿದರೆ ಒಂದು ತಿಂಗಳ ನಿದ್ದೆಗೆಟ್ಟ ದುಡಿಮೆ ಬೇರೆಯವರ ಲೆಕ್ಕಕ್ಕೆ ಹೋಗುತ್ತದೆ.

ಆದರೆ ತಮಾಷೆ ನೋಡಿ. ಗೂಡು ನೂಲಾಗಿ, ನೂಲು ಹುರಿಯಾಗಿ, ಬಣ್ಣ ಕುಡಿದು, ಹಾಸು ಹೊಕ್ಕಾಗಿ, ಸೀರೆಯಾಗಿ ಇಳಿಯುವಷ್ಟರಲ್ಲಿ ಆ ಲಾಟ್ ನಂಬರು ಎಲ್ಲೋ ಕಳೆದುಹೋಗಿರುತ್ತದೆ. ನೂಲು ಬಿಚ್ಚುವವರು ಬೇರೆ, ಬಣ್ಣ ಹಾಕುವವರು ಬೇರೆ, ನೇಯುವವರು ಬೇರೆ. ಹೀಗಾಗಿ ಅಂಗಡಿಯಲ್ಲಿ ಕೂತ ನಿಮಗೆ ಸಿಗುವುದು ಅಂಗಡಿಯವರ ಚೀಟಿ ಮಾತ್ರ. ಆಗ ನಾವು ಹುಡುಕಬೇಕಾದದ್ದು ಬೇರೆ ಗುರುತು.

ಮೊದಲನೆಯದು ಸಿಲ್ಕ್ ಮಾರ್ಕ್. ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಲ್ಲಿ ಶುರುವಾದ ಗುರುತು ಇದು. ಲೇಬಲ್‌ನ ಮೇಲೆ ಸಂಖ್ಯೆ ಇರುತ್ತದೆ, ಒಂದರ ಸಂಖ್ಯೆ ಇನ್ನೊಂದಕ್ಕೆ ಇರುವುದಿಲ್ಲ. ಚೆನ್ನಾಗಿದೆ ಅಂತ ಕಿತ್ತು ಎಸೆಯಬೇಡಿ, ಸೀರೆಯ ಜೊತೆಗೇ ಇಟ್ಟುಕೊಳ್ಳಿ. ಇನ್ನೊಂದು ಮಾತು ನೆನಪಿರಲಿ. ಸಿಲ್ಕ್ ಮಾರ್ಕ್ ಹೇಳುವುದು ರೇಷ್ಮೆ ಅಸಲಿ ಅಂತ ಮಾತ್ರ. ಜರಿ ಅಸಲಿ ಅಂತಲೋ, ಕೈಮಗ್ಗದ್ದು ಅಂತಲೋ ಅದು ಹೇಳುವುದಿಲ್ಲ. ‘ಸಿಲ್ಕ್ ಮಾರ್ಕ್ ಇದೆ ಅಕ್ಕಾ, ಜರಿಯೂ ಪ್ಯೂರು’ ಅಂದರೆ ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಕೈಮಗ್ಗಕ್ಕೆ ಬೇರೆಯೇ ಗುರುತಿದೆ, 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್.

ಇನ್ನು ಮೈಸೂರು ಸಿಲ್ಕ್. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾಗಿ, 1980ರಿಂದ ಕೆಎಸ್‌ಐಸಿ ನಡೆಸುತ್ತಿರುವ ಕಾರ್ಖಾನೆಯದು. ಅವರು ನಕಲಿ ಹಾವಳಿಗೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಚೀಟಿ ಆದರೆ ಕಿತ್ತು ಬೇರೆ ಸೀರೆಗೆ ಕಟ್ಟಬಹುದಲ್ಲ? ಹಾಗಾಗಿ ಪ್ರತಿ ಸೀರೆಯ ಮೇಲೇ ಸಂಖ್ಯೆಯನ್ನು ಕಸೂತಿಯಂತೆ ದಾರದಲ್ಲಿ ಹಾಕಿಬಿಡುತ್ತಾರೆ, ಜೊತೆಗೆ ಹೋಲೋಗ್ರಾಮ್. ನಿಮ್ಮ ಬೀರುವಿನಲ್ಲಿ ಮೈಸೂರು ಸಿಲ್ಕ್ ಇದ್ದರೆ ಈಗಲೇ ತೆಗೆದು ನೋಡಿ.

ಬಿಲ್ಲಿನಲ್ಲೂ ಒಂದು ಸುಳಿವು ಇದೆ. ಕೆಲವು ಅಂಗಡಿಗಳ ಜಿಎಸ್‌ಟಿ ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಅಂತ ಒಂದು ಸಂಖ್ಯೆ ಬರೆದಿರುತ್ತಾರೆ. ರೇಷ್ಮೆ ಬಟ್ಟೆಯದು 5007ರಿಂದ ಶುರುವಾಗುತ್ತದೆ. 5407 ಅಂತ ಇದ್ದರೆ ಅದು ಪಾಲಿಯೆಸ್ಟರಿನಂಥ ಕೃತಕ ನೂಲಿನ ಬಟ್ಟೆ. ಬಾಯಲ್ಲಿ ‘ಪ್ಯೂರ್ ಸಿಲ್ಕ್’, ಬಿಲ್ಲಿನಲ್ಲಿ 5407 ಅಂದರೆ ಕೇಳುವ ಹಕ್ಕು ನಿಮಗಿದೆ. ಆದರೆ ಇದು ಜಾತಿ ನಂಬರು, ಯಾರು ಬೇಕಾದರೂ ಬರೆಯಬಹುದಾದದ್ದು. 5007 ಕಂಡ ಮಾತ್ರಕ್ಕೆ ನಂಬಿ ಕೂರಬೇಡಿ. ಕುಚ್ಚಿನ ಹತ್ತಿರದ ಎರಡೆಳೆ ಕೇಳಿ ಸುಟ್ಟು ನೋಡುವ ಹಳೆಯ ಪದ್ಧತಿ ಇದ್ದೇ ಇದೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಮುದ್ದೆಗಟ್ಟಿದರೆ ಪ್ಲಾಸ್ಟಿಕ್ಕಿನ ನೆಂಟ.

ಹೀಗೆ ಕೊಡಿ ನಂಬರು

ಸರಿ, ಸೀರೆಗಳು ಮನೆಗೆ ಬಂದವು. ಆ ಹೊತ್ತೇ ನಂಬರು ಹಾಕಬೇಕು. ‘ನಾಳೆ ಹಾಕೋಣ’ ಅಂದಿರೋ, ಸಂಜೆಯೇ ಎದುರುಮನೆಯವರು ಎರಡು ಎತ್ತಿಕೊಂಡು ಹೋಗಿರುತ್ತಾರೆ.

ನಂಬರು ಚಿಕ್ಕದಾಗಿರಲಿ. ಉದಾಹರಣೆಗೆ ‘ಕೊ-25-017’. ‘ಕೊ’ ಅಂದರೆ ಕೊಳ್ಳೇಗಾಲದಿಂದ ತಂದದ್ದು, 25 ಅಂದರೆ 2025ರಲ್ಲಿ, 017 ಅಂದರೆ ಆ ವರ್ಷದ ಹದಿನೇಳನೇ ಸೀರೆ. 17 ಅಂತ ಬರೆಯದೆ 017 ಅಂತ ಬರೆಯುವುದು ಯಾಕೆ ಗೊತ್ತಾ? 17ರ ಮುಂದೆ ಯಾರೋ ಒಂದು ಅಂಕಿ ಗೀಚಿದರೆ 117 ಆಗುತ್ತದೆ. ಮೂರು ಸ್ಥಾನ ಮೊದಲೇ ತುಂಬಿದ್ದರೆ ಆ ತೊಂದರೆ ಇಲ್ಲ. ಬಣ್ಣ, ಬೆಲೆ, ಬೀರುವಿನ ಯಾವ ಅರೆ ಇದನ್ನೆಲ್ಲಾ ನಂಬರಿನೊಳಗೆ ತುರುಕಬೇಡಿ. ಅರೆ ಬದಲಾಗುತ್ತದೆ, ಬೆಲೆ ಬದಲಾಗುತ್ತದೆ, ಬಣ್ಣಕ್ಕೆ ನೀವು ‘ರಾಮಾ ಗ್ರೀನ್’ ಅಂದರೆ ನಿಮ್ಮ ಮಗಳು ‘ಟೀಲ್’ ಅನ್ನುತ್ತಾಳೆ. ನಂಬರು ಹುಟ್ಟಿನಿಂದ ಕೊನೆವರೆಗೆ ಒಂದೇ ಇರಬೇಕು. ಮಾರಿಹೋದ ಸೀರೆಯ ನಂಬರನ್ನು ಹೊಸದಕ್ಕೆ ಕೊಡಲೇಬಾರದು. ಆರು ತಿಂಗಳ ನಂತರ ಹಳೆಯ ಗಿರಾಕಿ ‘ಫಾಲ್ ಹಾಕಿಸುವಾಗ ಹರಿದಿರೋದು ಕಾಣಿಸ್ತು’ ಅಂತ ಬಂದಾಗ ಎರಡು ಸೀರೆ ಒಂದೇ ನಂಬರಿಗೆ ಜಗಳವಾಡುತ್ತವೆ.

ನಂಬರನ್ನು ಎಲ್ಲಿ ಬರೆಯುವುದು? ಗಟ್ಟಿ ಕಾಗದದ ಸಣ್ಣ ಚೀಟಿಗೆ ತೂತು ಮಾಡಿ, ಹತ್ತಿ ದಾರದಲ್ಲಿ ಸೆರಗಿನ ಕೊನೆಯ ಎಳೆಗಳಿಗೆ ಕಟ್ಟಿ. ಗುಂಡುಪಿನ್ನು ಬೇಡವೇ ಬೇಡ, ತುಕ್ಕಿನ ಕಲೆ ರೇಷ್ಮೆಯಿಂದ ಹೋಗುವುದಿಲ್ಲ. ಅಂಟು ಸ್ಟಿಕರೂ ಬೇಡ. ಬೆಲೆಬಾಳುವ ಸೀರೆಯಾದರೆ ಕೆಎಸ್‌ಐಸಿಯ ಉಪಾಯವನ್ನೇ ಸ್ವಲ್ಪ ಸಾಲ ಮಾಡಬಹುದು. ಸೊಂಟಕ್ಕೆ ಸಿಕ್ಕಿಸುವ ಒಳತುದಿಯಲ್ಲಿ, ಅದೇ ಬಣ್ಣದ ದಾರದಲ್ಲಿ, 017 ಅಂತ ಸಣ್ಣ ಹೊಲಿಗೆ. ಉಟ್ಟಾಗ ಕಾಣುವುದಿಲ್ಲ, ಬೇಡವಾದರೆ ಬಿಚ್ಚಿದರಾಯಿತು. ಚೀಟಿ ಕಳಚಿಹೋದರೂ ಸೀರೆ ತನ್ನ ಹೆಸರು ತಾನೇ ಹೇಳುತ್ತದೆ. ಅದೂ ಆಗದಿದ್ದರೆ ಚೀಟಿ ಕಾಣುವಂತೆ ಸೆರಗು, ಅಂಚು ಸೇರಿಸಿ ಮೊಬೈಲಿನಲ್ಲಿ ಒಂದು ಫೋಟೊ. ತೂಕ ನೋಡಲು ಅಡುಗೆಮನೆಯ ತಕ್ಕಡಿಯೇ ಸಾಕು. ಹಗುರ ಅನ್ನಿಸಿದ ನವಿಲುನೀಲಿಯ ಅನುಮಾನ ತೀರುವುದು ಇಲ್ಲಿಯೇ.

ಚೀಟಿಯ ಮೇಲೆ ಕೊಂಡ ಬೆಲೆ ಬೇಕು, ಆದರೆ ಗಿರಾಕಿಗೆ ತಿಳಿಯಬಾರದು. ಇದಕ್ಕೆ ಬಟ್ಟೆ ವ್ಯಾಪಾರಿಗಳು ಮೊದಲಿನಿಂದಲೂ ಗುಟ್ಟಿನ ಅಕ್ಷರ ಬಳಸುತ್ತಾರೆ. ನೀವೂ ಹತ್ತು ಬೇರೆ ಬೇರೆ ಅಕ್ಷರ ಆರಿಸಿಕೊಳ್ಳಿ. ಉದಾಹರಣೆಗೆ ಕ, ಚ, ಟ, ತ, ಪ, ಯ, ರ, ಲ, ವ ಇವು ಕ್ರಮವಾಗಿ 1ರಿಂದ 9, ಸ ಅಂದರೆ ಸೊನ್ನೆ. 4650 ರೂಪಾಯಿಗೆ ತಂದ ಸೀರೆಯ ಮೇಲೆ ‘ತಯಪಸ’ ಅಂತ ಬರೆದರೆ ನೋಡಿದವರಿಗೆ ಏನೂ ತಿಳಿಯದು. (ನಾನು ಇಲ್ಲಿ ಹೇಳಿಬಿಟ್ಟೆನಲ್ಲ, ನೀವು ಬೇರೆ ಕ್ರಮ ಮಾಡಿಕೊಳ್ಳಿ!) ಅಕ್ಷರದಲ್ಲಿ ಅಂಕಿ ಅಡಗಿಸುವುದು ನಮಗೆ ಹೊಸದಲ್ಲ. ಸಂಗೀತ ಪಾಠಕ್ಕೆ ಹೋದವರಿಗೆ ಗೊತ್ತಿರುತ್ತದೆ, ಮೊದಲು ಕಲಿಸುವ ಮಾಯಾಮಾಳವಗೌಳ 15ನೇ ಮೇಳಕರ್ತ. ಕಟಪಯಾದಿ ಲೆಕ್ಕದಲ್ಲಿ ‘ಮಾ’ ಅಂದರೆ 5, ‘ಯಾ’ ಅಂದರೆ 1, ತಿರುಗಿಸಿದರೆ 15. ರಾಗದ ಹೆಸರಿನಲ್ಲೇ ಅದರ ನಂಬರು!

ಪುಸ್ತಕ ಒಂದೇ ಇರಲಿ

ಕಂಪ್ಯೂಟರು ಬೇಕಿಲ್ಲ, ಮಕ್ಕಳ ಹಳೆಯ ಉದ್ದ ನೋಟ್‌ಬುಕ್ ಸಾಕು. ಒಂದು ಸೀರೆಗೆ ಒಂದು ಸಾಲು. ನಂಬರು, ತಂದ ದಿನ, ಯಾವ ಅಂಗಡಿ ಅಥವಾ ಮಗ್ಗದ ಮನೆ, ಗುಟ್ಟಿನ ಬೆಲೆ, ಒಡಲು ಅಂಚಿನ ಬಣ್ಣ, ತೂಕ, ಸಿಲ್ಕ್ ಮಾರ್ಕ್ ಸಂಖ್ಯೆ. ಬಲಗಡೆ ಸ್ವಲ್ಪ ಜಾಗ ಖಾಲಿ ಬಿಡಿ. ಮಾರಿದ ದಿನ, ಯಾರಿಗೆ, ಎಷ್ಟು ಬಂತು, ಎಷ್ಟು ಬಾಕಿ ಅನ್ನುವುದು ಅಲ್ಲಿಗೆ. ಕಂತಿನ ಬಾಕಿ ಬರೆಯುವಾಗ ‘ಮೂಲೆಮನೆ ಆಂಟಿ, ಕೆಂಪು ಸೀರೆ’ ಅಂತ ಬರೆಯಬೇಡಿ. ಮೂಲೆಮನೆ ಆಂಟಿ ಎರಡು ಕೆಂಪು ಸೀರೆ ತಗೊಂಡಿರುತ್ತಾರೆ, ಒಂದರ ಬಾಕಿ ತೀರಿರುತ್ತದೆ. ಯಾವುದರದ್ದು ಅಂತ ಅವರಿಗೂ ನೆನಪಿಲ್ಲ, ನಿಮಗೂ ಇಲ್ಲ. ‘017, ಬಾಕಿ 1500’ ಅಂದರೆ ಮಾತೇ ಬೆಳೆಯುವುದಿಲ್ಲ.

ನೋಡಲು ಕಳಿಸುವಾಗ ಮಾತ್ರ ಸಂಕೋಚ ಬಿಡಬೇಕು. ನಮ್ಮ ಹೆಂಗಸರಿಗೆ ಇದೇ ಕಷ್ಟ, ಗೆಳತಿಯ ಹತ್ತಿರ ಸಹಿ ಕೇಳುವುದು ಹೇಗೆ ಅಂತ. ಕೇಳಬೇಕಾಗಿಲ್ಲ. ಒಂದು ಚೀಟಿಯಲ್ಲಿ ‘011, 014, 017, 022, ಒಟ್ಟು 4’ ಅಂತ ಬರೆದು ಅದನ್ನೇ ಸೀರೆ ಚೀಲದಲ್ಲಿ ಹಾಕಿ, ಮೊಬೈಲಿನಲ್ಲಿ ಅವರಿಗೆ ಅದೇ ನಂಬರುಗಳ ಸಂದೇಶ ಕಳಿಸಿ. ‘ಸರಿ’ ಅಂತ ಅವರ ಉತ್ತರ ಬಂದರೆ ಅದೇ ಸಹಿ. ವಾಪಸ್ ಬಂದಾಗ ಅವರ ಎದುರಿಗೇ ನಗುನಗುತ್ತಾ ನಂಬರು ಓದಿ ಜೋಡಿಸಿಕೊಳ್ಳಿ. ಅನುಮಾನಪಟ್ಟ ಹಾಗೆ ಆಗುವುದಿಲ್ಲ, ಬ್ಯಾಂಕಿನವರು ನೋಟು ಎಣಿಸಿದರೆ ನಮಗೇನು ಬೇಜಾರಾಗುತ್ತದೆಯೇ?

ಮೂರು ತಿಂಗಳಿಗೊಮ್ಮೆ, ಕಡೇ ಪಕ್ಷ ದೀಪಾವಳಿಗೆ ಮುಂಚೆ, ಪುಸ್ತಕ ಹಿಡಿದು ಬೀರು ತೆರೆಯಿರಿ. ನಂಬರು ಕರೆಯಲು ಮಗಳೋ ಅತ್ತೆಯೋ ಇದ್ದರೆ ಅರ್ಧ ಗಂಟೆಯ ಕೆಲಸ. ಇದರಿಂದ ಇನ್ನೊಂದು ಲಾಭವಿದೆ. 25ರ ಸೀರೆಗಳ ನಡುವೆ ‘ಕೊ-23-008’ ಕಂಡಿತು ಅನ್ನಿ. ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ ಅಂತ ನಂಬರೇ ಹೇಳುತ್ತದೆ. ಒಂದೇ ಮಡಿಕೆಯಲ್ಲಿ ಬಿದ್ದ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಜರಿ ಮುರಿಯುತ್ತದೆ. ಅದನ್ನು ಬಿಚ್ಚಿ, ನೆರಳಲ್ಲಿ ಗಾಳಿಗೆ ಹಾಕಿ, ಬೇರೆ ಮಡಿಕೆ ಮಾಡಿ, ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಈ ಸಲದ ಹಬ್ಬಕ್ಕೆ ಅದನ್ನೇ ಮೊದಲು ಹರಡಿ ತೋರಿಸಿ. ಲಾಭ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಆ ದುಡ್ಡಿನಲ್ಲಿ ಕೊಳ್ಳೇಗಾಲದಿಂದ ಇನ್ನೊಂದು ಸೀರೆ ತರಬಹುದು. ಪುಸ್ತಕದಲ್ಲಿ ಅದಕ್ಕೆ ಹೊಸ ಸಾಲು, ಹೊಸ ನಂಬರು.